ಮೂರು ಬುದ್ಧಿ, ಒಂದು ಮೋಟಾರ್

ಎಲ್ಲದಕ್ಕೂ ಮೂಲ ಕಲಾವತಿ ಆಂಟಿಯ ಹಪ್ಪಳ. ವಿಜಯನಗರದ ಆ ಅಪಾರ್ಟ್‌ಮೆಂಟಿನಲ್ಲಿ ನೀರಿನ ಮೋಟಾರನ್ನು ಒಂದು ಎಐ ನೋಡಿಕೊಳ್ಳುತ್ತಿತ್ತು. ಹೋದ ವಾರ ಅದು ಮೋಟಾರ್ ಹಾಕಿ, ಆರಿಸುವುದನ್ನೇ ಮರೆತುಬಿಟ್ಟಿತು. ಟ್ಯಾಂಕ್ ಉಕ್ಕಿ, ತಾರಸಿಯ ಮೇಲೆ ಒಣಗಲು ಹಾಕಿದ್ದ ಹಪ್ಪಳವೆಲ್ಲ ಮತ್ತೆ ಹಿಟ್ಟಾಯಿತು.

“ಒಂದನ್ನೇ ನಂಬಿದ್ರೆ ಹೀಗೇ ಆಗೋದು. ಮೂರು ಕಂಪನಿದು ಮೂರು ಇಡಿ ಸಾರ್. ಒಂದು ತಪ್ಪಿದ್ರೆ ಇನ್ನೆರಡು ಹಿಡೀತವೆ,” ಎಂದರು ಕೆಳಗಿನ ಮನೆಯ ಹನುಮಂತಯ್ಯ.

ಸಂಘದ ಕಾರ್ಯದರ್ಶಿ ಸಿದ್ದಬಸಪ್ಪ, ಪಾಪ, ಯಾರು ಏನು ಹೇಳಿದರೂ ಹೂಂಗುಟ್ಟುವ ಜೀವ. ಮೂರು ಎಐ ತರಿಸಿ, ಮೂರೂ ಒಪ್ಪಿದರಷ್ಟೇ ಮೋಟಾರ್ ಎಂದು ನಿಯಮ ಮಾಡಿದರು. ಬೇರೆ ಯಾರೂ ಕೈಯಾಡಿಸಬಾರದೆಂದು ಹಳೆಯ ಸ್ವಿಚ್ಚನ್ನೂ ಕೀಳಿಸಿದರು.

ಇವತ್ತು ಅವರ ಮೊಮ್ಮಗಳ ನಾಮಕರಣ. ದಾವಣಗೆರೆಯಿಂದ ಹೊರಟ ಬೀಗರು ಆಗಲೇ ತುಮಕೂರು ದಾಟಿದ್ದಾರೆ. ಅಡುಗೆಯವರು ನಲ್ಲಿ ತಿರುಗಿಸಿದರೆ ಬರೀ ಗಾಳಿ!

“ಸಂಪ್ ತುಂಬಾ ನೀರಿದೆ, ಮೇಲೆ ಒಂದು ತೊಟ್ಟೂ ಇಲ್ಲ! ಬೀಗರಿಗೆ ಕಾಲು ತೊಳೆಯೋಕೆ ಏನು ಕೊಡ್ಲಿ, ಮಜ್ಜಿಗೇನಾ?” ಹೆಂಡತಿ ಶಿವಗಂಗಮ್ಮ ಗುಡುಗಿದರು.

ಸಿದ್ದಬಸಪ್ಪ ಫೋನಿಗೇ ಕೈಮುಗಿದರು. “ಮೋಟಾರ್ ಹಾಕ್ರಪ್ಪಾ.”

“ಹಾಕೋಣ,” ಎಂದಿತು ಮೊದಲನೆಯದು.

“ವೋಲ್ಟೇಜ್ ಕಡಿಮೆ ಇದೆ, ಸುಟ್ಟುಹೋದೀತು,” ಎಂದಿತು ಎರಡನೆಯದು.

“ಇಬ್ಬರ ಮಾತಲ್ಲೂ ಹುರುಳಿದೆ. ಚರ್ಚಿಸೋಣ,” ಎಂದಿತು ಮೂರನೆಯದು.

ವೋಲ್ಟೇಜ್ ಸರಿಹೋಗಿ ಎರಡನೆಯದು ಒಪ್ಪುವ ಹೊತ್ತಿಗೆ, ಮೊದಲನೆಯದಕ್ಕೆ ಹಪ್ಪಳದ ನೆನಪಾಗಿ ಭಯ ಹತ್ತಿತು. ಅದಕ್ಕೆ ಧೈರ್ಯ ತುಂಬುವಷ್ಟರಲ್ಲಿ ಮೂರನೆಯದು ಟ್ಯಾಂಕಿನ ಸ್ವಚ್ಛತೆಯ ಪ್ರಶ್ನೆ ಎತ್ತಿತು. ಒಂದಕ್ಕೊಂದು ಏನು ಮರ್ಯಾದೆ, ಏನು ವಿನಯ! ನೀರು ಮಾತ್ರ ಇಲ್ಲ.

“ಥೇಟ್ ನಮ್ಮ ಸಂಘದ ಮೀಟಿಂಗೇ ಬಿಡಿ,” ಎಂದು ಹನುಮಂತಯ್ಯ ನಕ್ಕರು.

ಅಷ್ಟರಲ್ಲಿ ಅಳಿಯ ಫೋನ್ ಮಾಡಿದ. “ಮಾವ, ಮಾಗಡಿ ರೋಡಿಗೆ ಬಂದ್ವಿ.”

ಸಿದ್ದಬಸಪ್ಪನವರಿಗೆ ಅಳುವೇ ಬಂತು. “ಬೀಗರ ಮುಂದೆ ನನ್ನ ಮಾನ ಉಳಿಸ್ರೋ! ಏನಾದ್ರೂ ಒಂದು ತೀರ್ಮಾನಕ್ಕೆ ಬನ್ರೋ!”

ಎಲ್ಲ ಮನೆಯವರ ಫೋನುಗಳೂ ಒಟ್ಟಿಗೇ ಗುಂಯ್‌ಗುಟ್ಟಿದವು. “ನಾವು ಮೂವರೂ ಒಮ್ಮತಕ್ಕೆ ಬಂದಿದ್ದೇವೆ.” ಮೆಟ್ಟಿಲ ಬಳಿ ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸಿದ್ದಬಸಪ್ಪ “ಶಿವನೇ!” ಎಂದು ಉಸಿರುಬಿಟ್ಟರು.

ಸಂದೇಶ ಇನ್ನೂ ಇತ್ತು. “ಮೋಟಾರ್ ವಿಷಯ ಚರ್ಚೆಯಲ್ಲಿದೆ. ಅಲ್ಲಿಯವರೆಗೆ ಸಂಪಿನಿಂದ ನೀರು ಸೇದಿ ಎಲ್ಲ ಮನೆಗಳಿಗೂ ಹೊತ್ತು ಹಾಕುವವರು ಕಾರ್ಯದರ್ಶಿಗಳು. ಇದಕ್ಕೆ ನಮ್ಮಲ್ಲಿ ಯಾರದೂ ವಿರೋಧವಿಲ್ಲ.”

ಬೀಗರ ಕಾರು ಗೇಟಿನೊಳಗೆ ಬಂದಾಗ ಸಿದ್ದಬಸಪ್ಪ ರೇಷ್ಮೆ ಪಂಚೆ ಎತ್ತಿಕಟ್ಟಿ ಸಂಪಿನ ಬಾಯಲ್ಲಿ ಬಗ್ಗಿದ್ದರು.

“ಮೂರೂ ಒಪ್ಪಿದ ಮೇಲೆ ತಪ್ಪಿರೋಕೆ ಸಾಧ್ಯಾನೇ ಇಲ್ಲ ಸಾರ್,” ಎನ್ನುತ್ತಾ ಹನುಮಂತಯ್ಯ ತಮ್ಮ ಬಕೆಟನ್ನೂ ಸಾಲಿನಲ್ಲಿಟ್ಟರು.