ರೊಟ್ಟಿಯ ಬಡಿತವೂ ಕಾಣದ ಡಿಸ್ಕೂ

ನನ್ನ ಹೆಂಡತಿ ಕಸ್ತೂರೆವ್ವ ಮದುವೆಯಾದಾಗಿನಿಂದ ನನ್ನ ಮೇಲೆ ಹೊರಿಸುತ್ತ ಬಂದಿರುವ ಆರೋಪ ಒಂದೇ: ನಾನು ತೆರೆದದ್ದನ್ನು ಮುಚ್ಚುವುದಿಲ್ಲ. ತುಪ್ಪದ ಡಬ್ಬಿ, ಹಿತ್ತಲ ಬಾಗಿಲು, ಬಾಯಿ. (ಕೊನೆಯದನ್ನು ಈಚೆಗೆ ಸೇರಿಸಿದ್ದಾಳೆ.) ಆಕಳು ಅಡುಗೆಮನೆಗೆ ನುಗ್ಗಿ ಜೋಳದ ಹಿಟ್ಟು ತಿಂದು ಹೋದದ್ದಕ್ಕೂ ನಾನೇ ಕಾರಣವಂತೆ. ಮಹಾಪುರುಷರು ಇಂಥ ಕ್ಷುಲ್ಲಕ ವಿಷಯಗಳಿಗೆ ಉತ್ತರ ಕೊಡುವುದಿಲ್ಲ.

ನಾನು ಮಹಾಪುರುಷನಾದದ್ದು ಹೀಗೆ. ಎಂಬತ್ತೆಂಟನೇ ಇಸವಿಯಲ್ಲೂ ಹಿಂದುಳಿಯಬಾರದೆಂದು ಯರಗುಪ್ಪಿಯ ನಮ್ಮ ಸಹಕಾರಿ ಸಂಘ ಒಂದು ಕಂಪ್ಯೂಟರ್ ತರಿಸಿತು. ಕಚೇರಿಯಲ್ಲಿ ಹೆಗ್ಗಣಗಳ ಸರ್ವಾಧಿಕಾರ. ಆದ್ದರಿಂದ ಹೊಸ ಕಟ್ಟಡ ಏಳುವವರೆಗೆ ಯಂತ್ರ ಕಾರ್ಯದರ್ಶಿಯಾದ ನನ್ನ ಪಡಸಾಲೆಯಲ್ಲಿ. ಅದು ಬಂದಿಳಿದ ದಿನವೇ ಸಂಜೆ ಸಂಘದ ಅಧ್ಯಕ್ಷ ಶಂಕ್ರಪ್ಪಗೌಡರು ನೋಡಲು ಬರುವವರಿದ್ದರು. ಅಷ್ಟರೊಳಗೆ ನಡೆಯದಿದ್ದರೆ ಯಂತ್ರ ಮರಳಿ ಹುಬ್ಬಳ್ಳಿಗೆ; ಅದರ ಹಿಂದೆಯೇ ನನ್ನ ಮರ್ಯಾದೆ.

ಯಂತ್ರಕ್ಕೆ ಬುದ್ಧಿ ಕೊಡುವ ಆಪರೇಟಿಂಗ್ ಸಿಸ್ಟಮ್ ಎಂಬುದು ಹಪ್ಪಳದಂಥ ಕರಿಯ ಡಿಸ್ಕಿನಲ್ಲಿತ್ತು. ಅದನ್ನು ಯಂತ್ರದ ಸೀಳುಬಾಯಿಗೆ ತುರುಕಿದೆ. ಡಿಸ್ಕ್ ಇಲ್ಲ ಎಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಹೊರತೆಗೆದು, ಧೋತರದ ಚುಂಗಿನಿಂದ ಗಾಳಿ ಹಾಕಿ, ಮತ್ತೆ ತುರುಕಿದೆ. ಇಲ್ಲ. ಈಗಷ್ಟೇ ನುಂಗಿದ್ದನ್ನು ಇಲ್ಲವೆನ್ನುವ ಈ ಧೈರ್ಯವನ್ನು ಚುನಾವಣೆ ಗೆದ್ದವರಲ್ಲಿ ಬಿಟ್ಟರೆ ನಾನು ಬೇರೆಲ್ಲೂ ಕಂಡಿರಲಿಲ್ಲ. ಗೌಡರಿಗೆ ಹೇಳಿ ಕಳಿಸಿದೆ: ಯಂತ್ರ ನಡೆಯುತ್ತಿಲ್ಲ, ತನಿಖೆ ನಡೆದಿದೆ.

ಒಳಗಿನಿಂದ ಟಪ್ ಟಪ್ ಎಂದು ರೊಟ್ಟಿ ಬಡಿಯುವ ಸದ್ದು. ನನಗೆ ಜ್ಞಾನೋದಯವಾಯಿತು.

"ಏ, ಬಡ್ಯೂದು ನಿಂದರಸು. ನಿನ್ನ ಬಡತಕ್ಕ ಮಷಿನ್ನಿನ ಎದಿ ಅದರಾಕ್ಹತ್ತೈತಿ."

"ಇಷ್ಟ ವರ್ಷ ನಿಮ್ಮದು ಅದರಲಿಲ್ಲಲ್ರಿ."

"ನನಗ ರೂಢಿ ಆಗೇತಿ. ಅದು ಪರದೇಶದ್ದು."

"ಮತ್ತ ಉಣ್ಣಾಕ?"

"ಅನ್ನಾ ಮಾಡು."

(ಅನ್ನವನ್ನು ನಾನು ಜ್ವರ ಬಂದಾಗ ಮಾತ್ರ ಉಣ್ಣುವವನು. ವಿಜ್ಞಾನಕ್ಕಾಗಿ ಅಷ್ಟಾದರೂ ತ್ಯಾಗ ಬೇಡವೇ?)

ರೊಟ್ಟಿ ನಿಂತಿತು. ಡಿಸ್ಕ್ ಕಾಣಲಿಲ್ಲ. ಕಸ್ತೂರೆವ್ವ ಕೈಗೆ ಹತ್ತಿದ ಹಿಟ್ಟು ಒರೆಸುತ್ತ ಬಂದು ಯಂತ್ರವನ್ನೂ ನನ್ನನ್ನೂ ಒಂದೇ ನೋಟದಲ್ಲಿ ನೋಡಿದಳು.

"ಇದನೂ ತೆರದ ಬಿಟ್ಟೀರಿ," ಎಂದಳು. ಸೀಳುಬಾಯಿಗಿದ್ದ ಚಿಕ್ಕ ಚಿಲಕವನ್ನು ತುಪ್ಪದ ಡಬ್ಬಿ ಮುಚ್ಚುವಷ್ಟೇ ಸಹಜವಾಗಿ ಹೊರಳಿಸಿ ಒಳಗೆ ಹೋದಳು.

ಗುಂಡಿ ಒತ್ತಿದೆ. ಗುರ್ ಎಂದಿತು. ಡಿಸ್ಕ್ ಕಂಡಿತು.

ಸಂಜೆ ಗೌಡರು ಬಂದರು. ಯಂತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿತು.

"ಮುಂಜಾನೆ ಏನಾಗಿತ್ತೋ ಮಡಿವಾಳೆಪ್ಪ?"

ಚಿಲಕ ಎನ್ನಲು ನಾಲಿಗೆ ಏಳಲಿಲ್ಲ. ಕಸ್ತೂರೆವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು.

"ಕಂಪನ ದೋಷ ರೀ ಗೌಡ್ರ. ಮನ್ಯಾಗ ರೊಟ್ಟಿ ಬಡ್ಯಾಕ್ಹತ್ತಿದ್ರು. ನಾನ ಪತ್ತೆ ಹಚ್ಚಿ ನಿಂದರಿಸಿದ್ನಿ."

ಗೌಡರು ಗಂಭೀರರಾದರು. "ಸಂಘದ ಸೊತ್ತು ಇದು. ಇಲ್ಲಿರೂತನಕಾ ಈ ಮನ್ಯಾಗ ರೊಟ್ಟಿ ಬಡೀಬಾರ್ದು. ಏನವ್ವಾ, ಹಂಗ ನಡಸ್ತಿಯಲ್ಲ?"

"ನೀವು ಹೇಳಿದ ಮ್ಯಾಲ ಮುಗೀತ್ರಿ," ಎಂದಳು ಕಸ್ತೂರೆವ್ವ, ಸೆರಗು ಸರಿಮಾಡಿಕೊಳ್ಳುತ್ತ. "ಹೊಸಾ ಕಟ್ಟಡ ಯಾವಾಗ ಏಳತೈತ್ರಿ?"

"ಇನ್ನೂ ಜಾಗಾ ನೋಡಾಕ್ಹತ್ತೇವಿ."

ಈಗ ನಾನು ದಿನವೂ ಅನ್ನ ಉಂಡು ಯಂತ್ರದ ಮುಂದೆ ಕೂರುತ್ತೇನೆ. ಪಡಸಾಲೆಯ ಗೋಡೆಯ ಆಚೆ ನೆರೆಮನೆಯ ಜೈನಬಿಯ ಅಡುಗೆಮನೆ. ಊಟದ ಹೊತ್ತಿಗೆ ಅಲ್ಲಿ ಟಪ್ ಟಪ್ ಶುರುವಾಗುತ್ತದೆ. ಎಣ್ಣೆಗಾಯಿ ಬದನೆಯ ವಾಸನೆ ಬರುತ್ತದೆ. "ಇನ್ನೊಂದ ತಗೋರಿ ಕಸ್ತೂರಕ್ಕ," ಎಂಬ ಮಾತೂ ಬರುತ್ತದೆ. ಗೋಡೆ ಅದರುತ್ತದೆ, ಮೇಜು ಅದರುತ್ತದೆ.

ಯಂತ್ರ ಡಿಸ್ಕನ್ನು ಒಮ್ಮೆಯೂ ತಪ್ಪದೆ ಓದುತ್ತದೆ.