ಫೋನಿನಲ್ಲಿ ತರಿಸಿದ ಪೆಟ್ಟಿಗೆ

ಎಲ್ ಮೊರ್ರಾಲ್‌ನಂಥ ಊರಿನಲ್ಲಿ ಯಾರಿಗೂ ಸುಳಿವು ಕೊಡದೆ ಒಂದು ಶವಪೆಟ್ಟಿಗೆ ಕೊಳ್ಳುವುದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ ಎಂದು ಯಾರಾದರೂ ಹೇಳಿದರೆ, ಅವರಿಗೆ ಎವೆಲಿಯೋನ ಪರಿಚಯವಿಲ್ಲವೆಂದೇ ಅರ್ಥ! ಜೀವನವಿಡೀ ಸಾನ್ ಮಿಗೆಲ್ ಪಟ್ಟಣಕ್ಕೆ ಬಸ್ಸು ಓಡಿಸಿ ನಿವೃತ್ತನಾದವನು. ಹಾರ್ನ್ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕೈಕೊಟ್ಟ ಬಸ್ಸನ್ನೂ ಒಂದೇ ಒಂದು ಕೋಳಿ ಸಾಯದಂತೆ ಇಳಿಜಾರು ಇಳಿಸಿದವನು. ಅಂಥ ಧೀರನಿಗೆ ಒಂದು ಪೆಟ್ಟಿಗೆ ಯಾವ ಲೆಕ್ಕ?

"ನರಪಿಳ್ಳೆಗೂ ಗೊತ್ತಾಗಬಾರದು, ನೋಡ್ತಿರು!" ಎಂದು ಅವನು ಅಂಗಳದ ಹುಂಜಕ್ಕೆ ಹೇಳಿದ. ಹುಂಜ ಕತ್ತು ಕೊಂಕಿಸಿ ಅವನನ್ನು ನೋಡಿತು. ಊರಿನಲ್ಲಿ ಗುಟ್ಟು ಕಾಯುವ ಪ್ರಾಣಿ ಅದೊಂದೇ. ಅದೂ ಬೆಳಗಿನ ಜಾವದವರೆಗೆ ಮಾತ್ರ.

ಪೆಟ್ಟಿಗೆಗೇನು, ಊರಿನಲ್ಲೇ ಬಡಗಿ ನಿಕಾನೋರ್ ಇದ್ದ. ಹತ್ತೂರಿನಿಂದ ಜನ ಅವನಲ್ಲಿಗೇ ಬರುತ್ತಿದ್ದರು. ಆದರೆ ಹೊಸ್ತಿಲು ತುಳಿದ ಕೂಡಲೇ ನಿಕಾನೋರ್ ಕಿವಿಯ ಮೇಲಿನ ಪೆನ್ಸಿಲ್ ಕೈಗೆ ತೆಗೆದುಕೊಂಡು ಕೇಳುವ ಮೊದಲ ಪ್ರಶ್ನೆ, "ಯಾರಿಗೆ?" ಎರಡನೆಯದು, "ಎತ್ತರ?" ಉತ್ತರ ಅವನ ಕಿವಿಗೆ ಬಿದ್ದರೆ ಅವನ ಹೆಂಡತಿ ಗೋಯಾಳ ಕಿವಿಗೆ ಬಿದ್ದ ಹಾಗೆ. ಗೋಯಾ ಊರಿನ ಎಲ್ಲ ಸಾವುಗಳಲ್ಲೂ ಜಪಮಾಲೆ ಹಿಡಿದು ಪ್ರಾರ್ಥನೆ ನಡೆಸುವವಳು. ಅವಳ ಕಿವಿಗೆ ಬಿದ್ದರೆ ಇಗರ್ಜಿಯ ಗಂಟೆಗೆ ಬಿದ್ದ ಹಾಗೆ!

ಆದರೆ ನಿಜವಾದ ತೊಡಕು ಗೋಯಾ ಅಲ್ಲ. "ಯಾರಿಗೆ?" ಎಂಬ ಆ ಪ್ರಶ್ನೆಯ ಉತ್ತರ ಎವೆಲಿಯೋನ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ಕೂತಿತ್ತು.

ಉತ್ತರ ತೆಂಚಾ. ಅವನ ಹೆಂಡತಿ.

ಮಳೆಗಾಲ ಶುರುವಾಗುವ ಮೊದಲು ಸಾನ್ ಮಿಗೆಲ್‌ನ ಡಾಕ್ಟರು ಅವನೊಬ್ಬನನ್ನೇ ಆಸ್ಪತ್ರೆಯ ಪಡಸಾಲೆಗೆ ಕರೆದು, "ಮನೆಗೆ ಕರ್ಕೊಂಡು ಹೋಗಿ. ಅವರಿಗೆ ಏನಿಷ್ಟವೋ ಅದನ್ನ ಮಾಡಿಹಾಕಿ," ಎಂದಿದ್ದರು. ಎವೆಲಿಯೋ ಒಳಗೆ ಬಂದು ಈ ಮಾತನ್ನು ಹೆಂಡತಿಗೆ ಹೀಗೆ ಅನುವಾದಿಸಿದ: "ಗ್ಯಾಸ್ಟ್ರಿಕ್ ಅಂತೆ."

"ಅಷ್ಟೇನಾ?" ಎಂದಿದ್ದಳು ತೆಂಚಾ.

"ಅಷ್ಟೇ. ಕಾಫಿ ಕಡಿಮೆ ಮಾಡ್ಬೇಕಂತೆ."

ಅಲ್ಲಿಂದಾಚೆಗೆ ಅವಳು ದಿನದಿನಕ್ಕೆ ಸೊರಗಿದಳು. ಇವನು ದಿನದಿನಕ್ಕೆ ಹೆಚ್ಚೆಚ್ಚು ಜೋಕು ಹೇಳಿದ. ಆ ಗಳಿಗೆ ಬಂದಾಗ ತನ್ನ ಕಾಲು ನಿಲ್ಲುವುದಿಲ್ಲವೆಂಬುದು ಅವನಿಗೆ ಖಾತ್ರಿಯಿತ್ತು. ಆ ಊರಿನ ಬಿಸಿಲಿಗೆ ಮಾರನೆಯ ದಿನವೇ ಮಣ್ಣು ಮಾಡಬೇಕು. ಆದ್ದರಿಂದ ಕಾಲು ಗಟ್ಟಿಯಿರುವಾಗಲೇ ಆ ಕೆಲಸ ಮುಗಿಸಿಬಿಡಬೇಕು, ಬಾಯಿ ತೆರೆಯದೆ ಮುಗಿಸಬೇಕು. ಬಾಯಿ ತೆರೆಯದೆ ಸಾಮಾನು ಕೊಡುವ ಅಂಗಡಿ ಒಂದೇ. ಅದು ಅಂಗಿಯ ಜೇಬಿನೊಳಗಿತ್ತು.

ಫೋನಿನಲ್ಲಿ ಕೊಳ್ಳುವುದೆಂದರೆ ತೆಂಚಾಳಿಗೆ ಮೈಯೆಲ್ಲ ಉರಿ. ಪಪ್ಪಾಯಿಯನ್ನು ಮೂಸದೆ, ಕಲ್ಲಂಗಡಿಯನ್ನು ತಟ್ಟದೆ, ಮೀನಿನ ಕಣ್ಣಿಗೆ ಕಣ್ಣಿಟ್ಟು ನೋಡದೆ ಅವಳು ಕಾಸು ಬಿಚ್ಚಿದವಳಲ್ಲ. "ತಲೆ ಇಟ್ಟು ನೋಡದೆ ತಲೆದಿಂಬು ತಗೊಳ್ಳೋರು ಯಾರಾದ್ರೂ ಇದಾರಾ?" ಎನ್ನುತ್ತಿದ್ದಳು.

"ಗಂಡನ್ನ ಮಾತ್ರ ನೋಡ್ದೇನೇ ತಗೊಂಡ್ಯಲ್ಲ!" ಎಂದು ಇವನು ಕೆಣಕಿದರೆ, ಅವಳ ಉತ್ತರ ಸಿದ್ಧ: "ಯಾರು ಹೇಳಿದ್ದು? ವರ್ಷವಿಡೀ ನಿನ್ನ ಬಸ್ಸಲ್ಲಿ ಮುಂದಿನ ಸೀಟಲ್ಲೇ ಕೂತು ಓಡಾಡಿದ್ದು ಮತ್ಯಾಕೆ? ನನಗೆ ಸಾನ್ ಮಿಗೆಲ್‌ನಲ್ಲಿ ಏನು ಕೆಲಸ ಇತ್ತು?"

ಅಂಥವಳಿಗಾಗಿ ಎವೆಲಿಯೋ ಕಕ್ಕಸಿನ ಬಾಗಿಲು ಹಾಕಿಕೊಂಡು ಫೋನು ತೆರೆದ. ಎಂಥ ವೈಭವ! ಮಹಾಗನಿಯಂಥ ಮೆರುಗು! ಒಳಬಟ್ಟೆಗೆ ಬಗೆಬಗೆಯ ಬಣ್ಣ! ಐದಕ್ಕೆ ಐದು ನಕ್ಷತ್ರ! ಬಳಸಿದವರಲ್ಲಿ ಒಬ್ಬರಾದರೂ ದೂರಿದ್ದರೆ ಕೇಳಿ! "ಇಷ್ಟವಾಗದಿದ್ದರೆ ವಾಪಸ್" ಎಂದೂ ಬರೆದಿತ್ತು. ಒಳಬಟ್ಟೆಗೆ ನೇರಳೆ ಬಣ್ಣವನ್ನು ಆರಿಸಿದ. ವಿಳಾಸದ ಜಾಗದಲ್ಲಿ, ಊರಿನವರೆಲ್ಲ ಬರೆಯುವ ಹಾಗೆ, "ದೊಡ್ಡ ಸೀಬಾ ಮರದಿಂದ ಇಳಿಜಾರಿಗೆ, ನೀಲಿ ಗೇಟು, ನಾಯಿ ಕಚ್ಚಲ್ಲ" ಎಂದು ಬರೆದ. ಕೊನೆಯಲ್ಲಿ ಫೋನು ಕೇಳಿತು: ಎತ್ತರ?

ನಿಕಾನೋರನಿಂದ ತಪ್ಪಿಸಿಕೊಂಡು ಬಂದರೆ ಇಲ್ಲಿಯೂ ಅದೇ ಪ್ರಶ್ನೆ! ತೆಂಚಾ ಅವನ ಎದೆಯ ಗುಂಡಿಯವರೆಗೆ ಬರುತ್ತಾಳೆ. ಅದನ್ನು ಅಂಕಿಯಲ್ಲಿ ಬರೆಯಲು ಹೋದವನ ಕಣ್ಣು ಮಂಜಾಯಿತು. ಬೆರಳು ಬೇರೆ ಯಾವುದೋ ಅಂಕಿಯನ್ನು ಒತ್ತಿತು. ತೆರೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿ "ಅಭಿನಂದನೆಗಳು!" ಎಂದು ಮೂಡಿತು.

ಪೆಟ್ಟಿಗೆ ಬರುವುದು ಮುಂದಿನ ವಾರ. ಅಂದು ಹೆದ್ದಾರಿಯಲ್ಲೇ ಕಾದು ನಿಂತು ಇಳಿಸಿಕೊಂಡು ಜೋಳದ ಕಣಜದ ಹಿಂದೆ ಬಚ್ಚಿಡುವುದೆಂದು ಅವನ ಯೋಜನೆ. ಯೋಜನೆಯಲ್ಲಿ ಒಂದೂ ತೂತಿರಲಿಲ್ಲ. ಆದರೆ ಪೆಟ್ಟಿಗೆ ಹೇಳಿದ್ದಕ್ಕಿಂತ ಮೊದಲೇ ಬಂತು! ಎಲ್ ಮೊರ್ರಾಲ್‌ನ ಇತಿಹಾಸದಲ್ಲಿ ಹೇಳಿದ ದಿನಕ್ಕಿಂತ ಮೊದಲು ಬಂದ ವಸ್ತು ಅದೊಂದೇ.

ಬಂದದ್ದೂ ಯಾವ ದಿನ? ತೆಂಚಾಳನ್ನು ಡಾಕ್ಟರಿಗೆ ತೋರಿಸಿಕೊಂಡು ಬರಲು ಅವನು ಬೆಳಗಿನ ಬಸ್ಸಿಗೆ ಸಾನ್ ಮಿಗೆಲ್‌ಗೆ ಹೋಗಿದ್ದ ದಿನ. ವ್ಯಾನಿನವನಿಗೆ ನೀಲಿ ಗೇಟು ಸಿಗಲಿಲ್ಲ. ಕಳೆದ ಕ್ರಿಸ್ಮಸ್ಸಿಗೆ ತೆಂಚಾ ಗೇಟಿಗೆ ಹಸಿರು ಬಣ್ಣ ಬಳಿದಿದ್ದಳು. ಊರಿನವರಿಗೆಲ್ಲ ಅದು ಈಗಲೂ ನೀಲಿ ಗೇಟೇ. ಪಾಪ, ವ್ಯಾನಿನವನಿಗೆ ಅದು ಹೇಗೆ ಗೊತ್ತಾಗಬೇಕು? ಹಿಟ್ಟಿನ ಗಿರಣಿಯಲ್ಲಿ ಕೇಳಿದ, ಕ್ಷೌರದಂಗಡಿಯಲ್ಲಿ ಕೇಳಿದ, ಶಾಲೆಯ ಮುಂದೆ ನಿಲ್ಲಿಸಿ ಕೇಳಿದ: "ದೋನ್ ಎವೆಲಿಯೋ ಅವರ ಮನೆ ಯಾವುದು? ಅವರ ಶವಪೆಟ್ಟಿಗೆ ಬಂದಿದೆ."

ಮಧ್ಯಾಹ್ನದ ಹೊತ್ತಿಗೆ ಊರು ಒಂದಕ್ಕೊಂದು ಕೂಡಿಸಿತು. ಬೆಳಿಗ್ಗೆ ತೆಂಚಾ ಬಸ್ಸು ಹತ್ತುವಾಗ ಇಬ್ಬರು ಹಿಡಿದುಕೊಳ್ಳಬೇಕಾಗಿತ್ತು. ಈಗ ಪೆಟ್ಟಿಗೆ ಬಂದಿದೆ. ಎವೆಲಿಯೋನ ಫೋನು ಸತ್ತಿದೆ. ಅಂದರೆ ಆಸ್ಪತ್ರೆಯಲ್ಲೇ ಮುಗಿಯಿತು, ದೇಹ ಹಿಂದಿನಿಂದ ಬರುತ್ತಿದೆ! (ಫೋನು ಸತ್ತದ್ದು, ಪೆಟ್ಟಿಗೆ ಎಲ್ಲಿಯವರೆಗೆ ಬಂತೆಂದು ಅವನು ಗಳಿಗೆಗೊಮ್ಮೆ ನೋಡಿ ನೋಡಿ.)

ಸಂಜೆಯ ಬಸ್ಸಿನಿಂದ ಗಂಡಹೆಂಡಿರು ಸೀಬಾ ಮರದ ಬಳಿ ಇಳಿದರು. ಮೈಕು ಕಟ್ಟಿದ ವ್ಯಾನೊಂದು ಏನನ್ನೋ ಗೊಗ್ಗರು ದನಿಯಲ್ಲಿ ಸಾರುತ್ತ ಆಚೆ ಬೀದಿಗೆ ತಿರುಗಿತು.

"ನನ್ನ ಹೆಸರು ಕೂಗಿದ ಹಾಗಿತ್ತಲ್ಲ, ಮುದುಕಾ?"

"ಸೀಗಡಿ ಬಂದಿದೆಯಂತೆ," ಎಂದ ಎವೆಲಿಯೋ. ಆದರೆ ಮನೆಯ ತಿರುವಿನಲ್ಲಿ ಅವನು ಬ್ರೇಕು ಒತ್ತಿದ ಬಸ್ಸಿನಂತೆ ನಿಂತುಬಿಟ್ಟ.

ಗೇಟಿಗೆ ಕಪ್ಪು ರಿಬ್ಬನ್. ಬೀದಿಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿ. ಮೂರು ಕಲ್ಲಿನ ಒಲೆಯ ಮೇಲೆ ಹಂಡೆ, ಹಂಡೆಯಲ್ಲಿ ಬಾಳೆಲೆ ಸುತ್ತಿದ ಜೋಳದ ಕಡುಬು, ತಮಾಲೆ. ಜಗುಲಿಯಲ್ಲಿ ಮಹಾಗನಿ ಮೆರುಗಿನ ಉದ್ದನೆಯ ಪೆಟ್ಟಿಗೆ, ನಾಲ್ಕು ಮೂಲೆಗೆ ನಾಲ್ಕು ಮೇಣದ ಬತ್ತಿ. ಗೇಟಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಗೋಯಾ ಪ್ರಾರ್ಥನೆಯ ಪೂರ್ಣ ಪ್ರವಾಹದಲ್ಲಿದ್ದಳು. ಕಣ್ಣು ಬಿಟ್ಟಿದ್ದವರೆಲ್ಲ ಗೇಟಿನತ್ತ ನೋಡಿ ಕಲ್ಲಾದರು.

ತೆಂಚಾ ನಿಧಾನವಾಗಿ ಮೆಟ್ಟಿಲೇರಿ ಗೋಯಾಳ ಹಿಂದೆ ನಿಂತಳು.

"ಯಾರು ಹೋಗಿದ್ದು, ಗೋಯಾ?"

"ತೆಂಚಾ ಕಣೇ," ಎಂದಳು ಗೋಯಾ, ಕಣ್ಣು ತೆರೆಯದೆ, ಮಣಿ ಸರಿಸುತ್ತ.

"ಅಯ್ಯೋ ಪಾಪ! ಮೊನ್ನೆ ಚೆನ್ನಾಗೇ ಇದ್ಲಲ್ಲ?"

"ಎಲ್ಲಿಯ ಚೆನ್ನಾಗಿ! ಸೊರಗಿ ಕಡ್ಡಿ ಆಗಿದ್ಲು. ಆ ಎವೆಲಿಯೋ ಗ್ಯಾಸ್ಟ್ರಿಕ್ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದ. ನಾವೂ ಹೂಂ ಹೂಂ ಅಂತಿದ್ವಿ, ಪಾಪ ಅಂತ..." ಎಂದವಳು ಕಣ್ಣು ತೆರೆದಳು. ತಿರುಗಿದಳು. ಜಪಮಾಲೆ ಒಂದು ಕಡೆ, ಗೋಯಾ ಒಂದು ಕಡೆ!

ಅವಳಿಗೆ ನೀರು ಚಿಮುಕಿಸಿ ಎಬ್ಬಿಸುವಷ್ಟರಲ್ಲಿ ಊರೆಲ್ಲ ಎವೆಲಿಯೋನ ಸುತ್ತ ನೆರೆದಿತ್ತು. ಗೋಯಾಳಿಗೆ ಪ್ರಜ್ಞೆಗಿಂತ ಮೊದಲು ಸಿಟ್ಟು ಬಂತು. "ಪಟ್ಟಣದ ಪೆಟ್ಟಿಗೆ ಯಾಕ್ರೀ ದೋನ್ ಎವೆಲಿಯೋ? ನನ್ನ ಗಂಡನ ಕೈ ಏನು ಸೇದಿಹೋಗಿತ್ತಾ?"

ನಿಕಾನೋರ್ ಬೆರಳಗೆಣ್ಣಿನಿಂದ ಪೆಟ್ಟಿಗೆಯನ್ನು ಒಮ್ಮೆ ಕುಟ್ಟಿದ. "ಇದು ಮರ ಅಲ್ಲ," ಎಂದ. "ಮರದ ಫೋಟೋ."

"ಯಾರಿಗೆ ತರಿಸಿದ್ದು, ಮುದುಕಾ?" ತೆಂಚಾ ಕೇಳಿದಳು.

ತಪ್ಪಿಸಿಕೊಂಡೇ ಬಂದ ಪ್ರಶ್ನೆ ಕೊನೆಗೂ ಮನೆಯೊಳಗೇ ಬಂದು ನಿಂತಿತ್ತು! ಎವೆಲಿಯೋ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಪೆಟ್ಟಿಗೆಯ ಉದ್ದ ನೋಡಿದ. ಕಾರ್ಮೋಡದಲ್ಲಿ ಮಿಂಚು ಹೊಳೆಯಿತು.

"ನನಗೆ!" ಎಂದು ಗರ್ಜಿಸಿದ. "ಮತ್ಯಾರಿಗೆ? ನನಗೂ ವಯಸ್ಸಾಗ್ಲಿಲ್ವಾ? ನಂಬಿಕೆ ಇಲ್ಲಾಂದ್ರೆ ನೋಡ್ಕೊಳ್ಳಿ!"

ಚಪ್ಪಲಿ ಬಿಟ್ಟ. ಟೋಪಿ ತೆಗೆದ. ಸಿಂಹಾಸನವೇರುವ ರಾಜನಂತೆ ಕಾಲೆತ್ತಿ ಪೆಟ್ಟಿಗೆಯೊಳಗೆ ಇಟ್ಟು, ನೇರಳೆ ಬಟ್ಟೆಯ ಮೇಲೆ ಉದ್ದಕ್ಕೆ ಮಲಗಿ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡ. ನೆತ್ತಿಯಿಂದ ಹಿಮ್ಮಡಿಯವರೆಗೆ ಎರಕ ಹೊಯ್ದಂತೆ ಸರಿಹೊಂದಿತು! "ಕಂಡ್ರಾ?" ಎಂದು ಅವನು ಹೆಮ್ಮೆಯಿಂದ ಉಸಿರೆಳೆದುಕೊಂಡ. ಅಷ್ಟೇ. ಚಟಾರ್ ಎಂದಿತು. ಮರದ ಫೋಟೋ ಎರಡು ಹೋಳಾಯಿತು. ಎವೆಲಿಯೋನ ಹಿಂಭಾಗ ನೆಲ ಮುಟ್ಟಿತು, ತಲೆ ಒಂದು ಅಂಚಿನಲ್ಲಿ, ಪಾದಗಳೆರಡೂ ಇನ್ನೊಂದು ಅಂಚಿನಲ್ಲಿ ಆಕಾಶಕ್ಕೆ ನಮಸ್ಕರಿಸಿದವು.

ಮೊದಲು ನಕ್ಕವಳು ತೆಂಚಾ. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಕೇಳಿರದ ನಗು. ಅವಳು ನಕ್ಕಳೆಂದು ಊರೂ ನಕ್ಕಿತು, ನಿಕಾನೋರ್ ಕಂಬ ಹಿಡಿದುಕೊಂಡು ನಕ್ಕ. ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡ ಎವೆಲಿಯೋ ಕೂಡ ನಗಲು ಬಾಯಿ ತೆರೆದ. ಆಗ ತೆಂಚಾಳ ನಗು ನಡುವೆ ತುಂಡಾಯಿತು. ಅವಳು ಹೊಟ್ಟೆ ಹಿಡಿದುಕೊಂಡು, ಗೋಡೆ ತಡಕುತ್ತ, ತನಗಾಗಿ ಹಾಕಿದ್ದ ಕುರ್ಚಿಗಳಲ್ಲೊಂದರ ಮೇಲೆ ಮೆಲ್ಲಗೆ ಕೂತಳು. ನಗು ಬಂದ ದಾರಿಯಲ್ಲೇ ಎಲ್ಲರೊಳಗೂ ವಾಪಸ್ ಹೋಯಿತು.

ಸಾವಿರಲಿ ಬಿಡಲಿ, ಬೆಂದ ತಮಾಲೆ ಬೆಂದ ತಮಾಲೆಯೇ. ತಿಂದು, ಕಾಫಿ ಕುಡಿದು, ಕುರ್ಚಿ ಮಡಿಸಿ ಊರವರು ಹೊರಟರು. ಗೋಯಾ ರಿಬ್ಬನ್ ಬಿಚ್ಚಿ, ಸುರುಳಿ ಸುತ್ತಿ, ಯಾರಿಗೂ ಕಾಣದಂತೆ ಚೀಲಕ್ಕೆ ಹಾಕಿಕೊಂಡಳು.

ಜಗುಲಿಯಲ್ಲಿ ಇಬ್ಬರೇ ಉಳಿದಾಗ ತೆಂಚಾ ಕೇಳಿದಳು. "ಗ್ಯಾಸ್ಟ್ರಿಕ್‌ಗೆ ಇಷ್ಟು ದೊಡ್ಡ ಔಷಧಿ ಕೊಡ್ತಾರಾ?"

"ನನಗೇ ತರಿಸಿದ್ದು ಅಂದ್ನಲ್ಲ."

"ನಿನಗಾದ್ರೆ ನೇರಳೆ ಬಟ್ಟೆ ಯಾಕೆ? ನಿಂಗೆ ಆ ಬಣ್ಣ ಕಂಡ್ರಾಗಲ್ಲ. ನಂಗಿಷ್ಟ."

ಎವೆಲಿಯೋ ತನ್ನ ಟೋಪಿಯ ಒಳಭಾಗವನ್ನು ಅಭ್ಯಾಸ ಮಾಡತೊಡಗಿದ.

"ಬಣ್ಣ ನಂದು, ಎತ್ತರ ನಿಂದು. ಇದೆಂಥ ಲೆಕ್ಕ?"

"ನಿನ್ನ ಎತ್ತರ ಒತ್ತೋಕೆ..." ಎಂದ ಅವನು. "ಬೆರಳು ಬರ್ಲಿಲ್ಲ, ಮುದುಕೀ."

ಅವಳು ಅವನ ಆ ಬೆರಳನ್ನು ಹಿಡಿದುಕೊಂಡಳು.

"ನಿಂಗೆ ಯಾವಾಗಿಂದ ಗೊತ್ತು?" ಅವನು ಕೇಳಿದ.

"ನೀನು ಪಾತ್ರೆ ತೊಳೆಯೋಕೆ ಶುರುಮಾಡಿದ ದಿನದಿಂದ. ಆರೋಗ್ಯವಾಗಿರೋ ಹೆಂಡ್ತಿಗೆ ಯಾವ ಗಂಡ ಪಾತ್ರೆ ತೊಳೀತಾನೆ?" ಅವಳು ಮುರಿದ ಪೆಟ್ಟಿಗೆಯತ್ತ ನೋಡಿದಳು. "ಮೂಸಿ ನೋಡ್ದೆ ತಗೊಂಡ್ರೆ ಹಿಂಗೇ. ನಾಳೆ ನಿಕಾನೋರ್ ಹತ್ರ ಹೋಗೋಣ. ಮರ ನಾನೇ ಆರಿಸ್ತೀನಿ."

ಮಾರನೆಯ ಬೆಳಿಗ್ಗೆ, ತೆಂಚಾ ತಲೆ ಬಾಚಿಕೊಳ್ಳುತ್ತಿದ್ದಾಗ, ಎವೆಲಿಯೋ ಪೆಟ್ಟಿಗೆಯನ್ನು ವಾಪಸ್ ಮಾಡಲು ಫೋನು ತೆರೆದ. ಕಾರಣವೇನೆಂದು ಫೋನು ವಿನಯದಿಂದ ಕೇಳಿತು: ಬಣ್ಣ ಹಿಡಿಸಲಿಲ್ಲ. ಅಳತೆ ಸರಿಯಿಲ್ಲ. ಇನ್ನು ಬೇಕಾಗಿಲ್ಲ.

ಆ ಮೂರನೆಯದನ್ನು ಅವನು ನೋಡುತ್ತಲೇ ಕೂತ. ಅದನ್ನು ಒತ್ತುವಂತಾಗಿದ್ದರೆ ಮನೆ, ಹುಂಜ, ಸಿಂಹದಂಥ ತನ್ನ ಮಾನ, ಎಲ್ಲವನ್ನೂ ಆ ವ್ಯಾನಿನಲ್ಲೇ ಹೇರಿ ಕಳಿಸಿಬಿಡುತ್ತಿದ್ದ. ಕೊನೆಗೆ ಎರಡನೆಯದನ್ನು ಒತ್ತಿದ. ಮುರಿದದ್ದರ ಚಿತ್ರ ಕೇಳಿದರು, ಕಳಿಸಿದ. ಉತ್ತರ ತಕ್ಷಣ ಬಂತು: "ಕ್ಷಮಿಸಿ. ಬಳಸಿದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ." ಪೆಟ್ಟಿಗೆಯೊಳಗೆ ನೇರಳೆ ಬಟ್ಟೆಯ ಮೇಲೆ ಹುಂಜ ಆಗಲೇ ಬಿಡಾರ ಹೂಡಿತ್ತು.

ನಿಕಾನೋರನ ಅಂಗಡಿಯಲ್ಲಿ ತೆಂಚಾ ಸಂತೆಗೆ ಬಂದವಳ ಹಾಗೆ ಓಡಾಡಿದಳು. ಒಂದೊಂದು ಹಲಗೆಯನ್ನೂ ತಟ್ಟಿದಳು, ಮೂಗಿಗೆ ಹಿಡಿದಳು, ಒಂದರಲ್ಲಿ ಗಂಟು ಜಾಸ್ತಿ ಎಂದಳು, ಇನ್ನೊಂದನ್ನು "ಇದು ಹಸಿ, ನನಗೇ ಶೀತ ಆಗತ್ತೆ," ಎಂದು ತಳ್ಳಿದಳು. ಕೊನೆಗೆ ದೇವದಾರಿನ ಒಂದು ಹಲಗೆಗೆ ಕೆನ್ನೆಯಿಟ್ಟು ನಿಂತಳು. "ಇದು," ಎಂದಳು.

ನಿಕಾನೋರ್ ಅಭ್ಯಾಸಬಲದಿಂದ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಯಾರಿ..." ಎಂದವನು ನಾಲಗೆ ಕಚ್ಚಿಕೊಂಡ. ಗಡಿಬಿಡಿಯಲ್ಲಿ ಎವೆಲಿಯೋನತ್ತ ತಿರುಗಿದ. "ಎತ್ತರ ಎಷ್ಟು ಬರ್ಕೊಳ್ಳಲಿ, ದೋನ್ ಎವೆಲಿಯೋ?"

ಎವೆಲಿಯೋ ತನ್ನ ಎದೆಯ ಗುಂಡಿಯನ್ನು ಮುಟ್ಟಿಕೊಂಡ.

"ಅವನನ್ನ ಕೇಳಬೇಡ, ನಿಕಾನೋರ್," ಎಂದಳು ತೆಂಚಾ. "ತನ್ನದು ಹೇಳಿಬಿಡ್ತಾನೆ. ನನಗೆ ಕಣಪ್ಪಾ. ಟೇಪು ತಾ."

ಅವಳು ಚಪ್ಪಲಿ ಬಿಟ್ಟು, ಸೆರಗಿನಂತೆ ಹೊದ್ದ ಶಾಲು ಸರಿಮಾಡಿಕೊಂಡು, ಫೋಟೋಗೆ ನಿಂತವಳ ಹಾಗೆ ನೆಟ್ಟಗೆ ನಿಂತಳು. ನಿಕಾನೋರ್ ಟೇಪಿನ ಒಂದು ತುದಿಯನ್ನು ಅವಳ ನೆತ್ತಿಗೆ ಹಿಡಿದ. ಇನ್ನೊಂದು ತುದಿ ಎವೆಲಿಯೋನ ಪಾಲಿಗೆ ಬಂತು. ಅವನು ಮರದ ಹೊಟ್ಟಿನಲ್ಲಿ ಮಂಡಿಯೂರಿ ಅವಳ ಹಿಮ್ಮಡಿಗೆ ಅದನ್ನು ಒತ್ತಿದ. ಟೇಪು ಜಾರಿತು. ಮತ್ತೆ ಒತ್ತಿದ. ಮತ್ತೆ ಜಾರಿತು.

"ಹೊಟ್ಟು ಕಣ್ಣಿಗೆ ಬಿತ್ತು," ಎಂದ ಅವನು, ತಲೆಯೆತ್ತದೆ.

ತೆಂಚಾ ಬಗ್ಗಲಿಲ್ಲ, ಅಳತೆ ಕೆಡುತ್ತದೆಂದು. ಕೈಯನ್ನಷ್ಟೇ ಕೆಳಗೆ ಬಿಟ್ಟು ಅವನ ಬೋಳುತಲೆಯನ್ನು ತಡಕಿ ಹಿಡಿದಳು.

"ಸರಿಯಾಗಿ ಹಿಡಿ, ಮುದುಕಾ," ಎಂದಳು. "ಇದನ್ನ ವಾಪಸ್ ಕಳ್ಸೋಕಾಗಲ್ಲ."