ತಿಂಗಳಿಗೆ ಹದಿನೈದು ರೂಪಾಯಿ ತಿಂದ ಸನದು

ದವಾಖಾನೆಯ ಆಡಳಿತ ಕಲಿಯಲು ಹಣ ಸುರಿಯುವುದು ಲಾಭವೇ ಎಂದು ಓದುಗರೊಬ್ಬರು ಪತ್ರಿಕೆಗೆ ಬರೆದು ಕೇಳಿದ್ದಾರೆ. ಉತ್ತರಿಸಿದ ಮಹಾಶಯರು ‘ದೀರ್ಘಕಾಲದಲ್ಲಿ ಲಾಭವೇ’ ಎಂದಿದ್ದಾರೆ. ಎಷ್ಟು ವರ್ಷ, ಎಷ್ಟು ತಿಂಗಳು ಎಂದು ಹೇಳಿಲ್ಲ. ಈ ಬೇಜವಾಬ್ದಾರಿಯನ್ನು ನಾನು ಪ್ರತಿಭಟಿಸುತ್ತೇನೆ. ಆ ವಿದ್ಯೆಯ ಬೆಲೆಯನ್ನು ಪೈಸೆಯವರೆಗೆ ಬಲ್ಲವನು ಬೀದರದಲ್ಲಿ ಒಬ್ಬನೇ ಇದ್ದಾನೆ. ಸದ್ಯ ಪಿಂಚಣಿ ಎಣಿಸುತ್ತಿದ್ದಾನೆ.

ಫಸಲಿ ೧೩೫೫ರಲ್ಲಿ (ಅಂದರೆ ೧೯೪೬, ಇದನ್ನು ತಪ್ಪು ಹೇಳುವವರೇ ಬಹಳ) ನಾನು ಇಲ್ಲಿಯ ಒಂದು ದವಾಖಾನೆಯಲ್ಲಿ ಮೂವತ್ತೆರಡು ರೂಪಾಯಿಯ ಗುಮಾಸ್ತನಾಗಿದ್ದೆ. (ನಿಜಾಮರ ಹಾಲಿ ಸಿಕ್ಕಾ, ಇಂಗ್ರೇಜರ ಕಲ್ದಾರ ಅಲ್ಲ.) ಹೈದರಾಬಾದಿನಲ್ಲಿ ಎರಡು ವರ್ಷ ಓದಿ ಸನದು ತಂದರೆ ಮೊಹತಮೀಮ, ಅಂದರೆ ವ್ಯವಸ್ಥಾಪಕ, ಆಗಬಹುದಿತ್ತು, ಸಂಬಳ ಅರವತ್ತೈದು. ಫೀಸು ಮತ್ತು ವಸತಿ ಒಂಬೈನೂರು, ಆ ಎರಡು ವರ್ಷ ಕೈತಪ್ಪುವ ಸಂಬಳ ಏಳುನೂರ ಅರವತ್ತೆಂಟು. ಮೊತ್ತವನ್ನು ಹೆಚ್ಚುವರಿ ಮೂವತ್ತಮೂರರಿಂದ ಭಾಗಿಸಿದೆ. ಐವತ್ತು ತಿಂಗಳು ಹದಿನಾರು ದಿನಕ್ಕೆ ಹಾಕಿದ ಹಣ ವಾಪಸು.

ಆ ಕಾಗದವನ್ನು ಧರ್ಮಪತ್ನಿ ಶಿವಕಾಂತಾಳ ಮುಂದೆ ಹಿಡಿದೆ.

“ಎರಡ ವರ್ಷ ನಾ ಏನ ತಿನ್ಬೇಕು, ಅದು ಎಲ್ಲಿ ಬರ್ದೀರಿ?”

“‘ಇತರೆ’ ಅಂತ ಅದ ನೋಡು.”

“ಅದರ ಮುಂದ ಸೊನ್ನಿ ಅದರಿ.”

ಸೊನ್ನೆ ಇದ್ದದ್ದು ನಿಜ. ಆದರೂ ಆಕೆ ತವರೂರು ಭಾಲ್ಕಿಗೆ ಹೋಗಿ, ಸರಾಫನಿಗೆ ತನ್ನ ಬಂಗಾರದ ಪಾಟ್ಲಿ ಬಳೆ ಮಾರಿ ಒಂಬೈನೂರು ತಂದಳು. ಒಂದು ಮಾತೂ ಆಡಲಿಲ್ಲ. (ಇದು ಉತ್ಪ್ರೇಕ್ಷೆ. ಭಾಲ್ಕಿಯಿಂದ ಬೀದರದವರೆಗೂ ಆಡಿದಳು.)

ನನ್ನ ಪರೀಕ್ಷೆ ಮುಗಿದ ಒಂಬತ್ತನೆಯ ದಿನ, ೧೯೪೮ರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ನಿಜಾಮರ ಸಂಸ್ಥಾನವನ್ನು ಹೊಕ್ಕು ಪೊಲೀಸ್ ಕಾರ್ಯಾಚರಣೆ ಆರಂಭವಾಯಿತು. ಆ ದಿನಗಳಲ್ಲಿ ನಗುವಂಥದ್ದೇನೂ ಇಲ್ಲ. ಔರಾದಕ್ಕೆ ಹೋಗಿದ್ದ ಪಕ್ಕದ ಮನೆಯ ಜಹೀರೋದ್ದೀನ ಹಿಂದಿರುಗಲಿಲ್ಲ. ಅವರ ಹೆಂಡತಿ ಅಜೀಜಾ ಬೇಗಂ ಮೂವರು ಹೆಣ್ಣುಮಕ್ಕಳೊಂದಿಗೆ ಉಳಿದರು. ನಾನು ಸನದು ಕೈಗೆ ಬಾರದೆ ಊರು ಬಿಡೆನೆಂದು ಹೈದರಾಬಾದಿನಲ್ಲೇ ಕುಳಿತು, ೧೯೪೯ರ ಫೆಬ್ರವರಿಯಲ್ಲಿ ಬಂದೆ.

ಬಂದು ನೋಡಿದರೆ ನಮ್ಮ ಅಂಗಳದಲ್ಲಿ ಮೂರು ಒಲೆ. ನಮ್ಮ ದವಾಖಾನೆಯ ರೋಗಿಗಳ ಊಟದ ಗುತ್ತಿಗೆಯನ್ನು ಶಿವಕಾಂತಾ ತನ್ನ ಹೆಸರಿನಲ್ಲಿ ಹಿಡಿದಿದ್ದಳು. ರೊಟ್ಟಿ ನಮ್ಮ ಮನೆಯದು, ಖಿಚಡಿ ಬೇಗಂ ಅವರ ಮನೆಯದು. ಖರ್ಚು ಕಳೆದು ತಿಂಗಳಿಗೆ ತೊಂಬತ್ತಾರು ರೂಪಾಯಿ, ಇಬ್ಬರಿಗೂ ಸಮಪಾಲು.

ಮೊಹತಮೀಮನ ಕುರ್ಚಿ ಏರಿದ ಮೂರನೆಯ ದಿನ ನಾನು ಆ ಗುತ್ತಿಗೆಯ ಕಡತವನ್ನು ತೆರೆದೆ. ಬಿಲ್ಲಿಗೆ ಸಹಿ ಮಾಡುವ ಅಧಿಕಾರಿಯ ಸಂಬಂಧಿಕರಿಗೆ ಗುತ್ತಿಗೆ ಕೂಡದು ಎಂಬ ನಿಯಮವನ್ನು ಪ್ರಥಮ ದರ್ಜೆಯಲ್ಲಿ ಪಾಸಾದ ನಾನಲ್ಲದೆ ಇನ್ನಾರು ಪಾಲಿಸಬೇಕು? ಸಂಜೆ ಮನೆಯಲ್ಲಿ ಘೋಷಿಸಿದೆ.

ಶಿವಕಾಂತಾ ಹಿಟ್ಟಿನ ಕೈ ಒರೆಸಿಕೊಂಡಳು. “ನೀವು ಗುಮಾಸ್ತರೇ ಇದ್ದಿದ್ರ ನಿಮ್ದು ಮೂವತ್ತೆರಡು, ನಂದು ನಲವತ್ತೆಂಟು. ಎಂಬತ್ತು. ಈಗ ಬರೇ ಅರವತ್ತೈದು. ನಿಮ್ಮ ಸನದು ತಿಂಗಳಾ ಹದಿನೈದು ರೂಪಾಯಿ ತಿನ್ತದಲ್ರಿ. ನನ್ನ ಪಾಟ್ಲಿ ತಿಂದದ್ದು ಬ್ಯಾರೆ.”

“ಕಾಯಿದಾ ಅಂದ್ರ ಕಾಯಿದಾ.”

“ಅಜೀಜಾ ಆಪಾನ ನಲವತ್ತೆಂಟು ಎಲ್ಲಿ ಬರೀತೀರಿ? ಅದೂ ‘ಇತರೆ’ದಾಗೇನು? ಮೂರು ಪೋರಿಗಳು ಅದಾವರಿ ಆಕಿಗಿ.”

ನಾನು ಲೆಕ್ಕ ಸರಿಯಿರುವ ವಾದಕ್ಕೆ ಉತ್ತರ ಕೊಡುವವನಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಹಳೆಯ ಗುತ್ತಿಗೆ ರದ್ದು ಮಾಡಿ, ಹೊರಗಿನ ವ್ಯಾಪಾರಿಯೊಬ್ಬನಿಗೆ ಮೂರು ವರ್ಷದ ಕರಾರು ಬರೆದುಕೊಟ್ಟೆ. ಹನ್ನೆರಡಕ್ಕೆ ಅಜೀಜಾ ಬೇಗಂ ಅರ್ಜಿ ಹಿಡಿದು ಬಂದರು.

“ಭಾಯಿಸಾಬ, ಗುತ್ತಿಗಿ ನನ್ನ ಹೆಸರಿಲೆ ಕೊಡ್ರಿ. ಶಿವಕಾಂತಾ ಇದರಾಗ ಬರಂಗಿಲ್ಲ. ರೊಟ್ಟಿ ಬಡಿಯೂದು ನಾನೇ ಕಲೀತೇನಿ. ನಾ ಏನ ನಿಮ್ಮ ರಿಶ್ತೇದಾರಳಲ್ಲ. ಕಾಯಿದಿದಾಗ ಅಡ್ಡಿ ಅದ ಏನ್ರಿ?”

ನಿಯಮಾವಳಿಯನ್ನು ಎರಡು ಸಲ ಓದಿದೆ. ಅಡ್ಡಿ ಇರಲಿಲ್ಲ. ಕರಾರಿನ ಮೇಲಿನ ಶಾಯಿ ಮಾತ್ರ ಒಣಗಿತ್ತು. ಇಪ್ಪತ್ತೇಳು ವರ್ಷಗಳ ನನ್ನ ಸೇವೆಯಲ್ಲಿ ಕಡತವೊಂದು ಒಂದೇ ದಿನದಲ್ಲಿ ವಿಲೇವಾರಿಯಾದದ್ದು ಅದೊಂದೇ ಸಲ.

“ಒಂದೀಟು ತಡ ಮಾಡಬೇಕಿತ್ತು ನೀವು,” ಎಂದರು ಬೇಗಂ, ಅರ್ಜಿ ಮಡಚುತ್ತ. “ಕಚೇರಿ ಮಂದಿ ಎಲ್ಲಾರೂ ಮಾಡ್ತಾರಲ್ಲ, ಹಂಗ.”

ನಿತ್ಯ ಮಧ್ಯಾಹ್ನ ರೋಗಿಗಳ ಊಟವನ್ನು ಮೊದಲು ಮೊಹತಮೀಮನೇ ರುಚಿ ನೋಡಿ, ಹೇಗಿದೆಯೆಂದು ವಹಿಯಲ್ಲಿ ಷರಾ ಬರೆಯಬೇಕು. ಹೊಸ ಗುತ್ತಿಗೆದಾರನ ರೊಟ್ಟಿಯಿಂದ ಎರಡೇ ತಿಂಗಳಲ್ಲಿ ನನ್ನ ದವಡೆ ಹಲ್ಲೊಂದು ಅಲುಗತೊಡಗಿತು. ಏಪ್ರಿಲಿನಲ್ಲಿ ಅಜೀಜಾ ಬೇಗಂ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರೆದುಕೊಂಡು ಹೈದರಾಬಾದಿನ ಅಣ್ಣನ ಆಶ್ರಯಕ್ಕೆ ಹೊರಟರು. ನಾವಿಬ್ಬರೂ ಸ್ಟೇಶನ್ನಿಗೆ ಹೋದೆವು.

ಗಾಡಿಯ ಕಿಟಕಿಯಲ್ಲಿ ಬೇಗಂ ದಾರಿಯ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ತುಂಡೊಂದನ್ನು ಮುರಿದು ನನ್ನ ಕಡೆ ಚಾಚಿದರು. “ಮೊದಲ ಮೊಹತಮೀಮ ಸಾಬ ರುಚಿ ನೋಡಬೇಕಂತಲ್ಲ. ನೋಡ್ರಿ. ಶಿವಕಾಂತಾ ಕಲಿಸ್ಯಾಳ, ನಾ ಬಡದೀನಿ.”

ಬಾಯಿಗೆ ಹಾಕಿಕೊಂಡೆ. ಮೆತ್ತಗಿತ್ತು, ಅಂಚು ಸಹ ಒಡೆದಿರಲಿಲ್ಲ. ನುಂಗಿ ಏನಾದರೂ ಹೇಳೋಣವೆನ್ನುವಷ್ಟರಲ್ಲಿ ಗಾಡಿ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ಶಿವಕಾಂತಾ ಕೈ ಬೀಸುತ್ತಿದ್ದಳು. ಆಮೇಲೆ ನನ್ನ ಮುಖ ನೋಡದೆ ಅಂದಳು:

“ಬರೀರಿ ಈಗ ಷರಾ.”